ಕಯಾಬಾ ಅಜ್ಜಿಯ ಮೂರು ದಿನದ ಉತ್ತರ

ಹೂಂ ಅನ್ನುವವರು ಮುಂದೆ ಬನ್ನಿ. ನಿದ್ದೆ ಮಾಡುವವರು ಗೋಡೆಗೆ ಒರಗಿ. ಕಥೆ ಶುರು.

ಒಂದು ಕಾಲ. ಯಾವ ಕಾಲ? ನಮ್ಮ ಕಡೆಯ ಕರಿಮೆಣಸು ಹುಡುಕಿಕೊಂಡು ಹೊರಟವರು ದಾರಿ ತಪ್ಪಿ, ಇನ್ನೆಲ್ಲೋ ಇಳಿದು, "ಕಂಡುಹಿಡಿದೆವು" ಅಂತ ಹೇಳಿಕೊಂಡ ಕಾಲ. ದಾರಿ ತಪ್ಪಿದವನನ್ನು ನಾವು ದಾರಿ ತಪ್ಪಿದವ ಅನ್ನುತ್ತೇವೆ. ಅವರ ಕಡೆ ಅವನಿಗೆ ಪ್ರತಿಮೆ ನಿಲ್ಲಿಸುತ್ತಾರೆ. ಇರಲಿ.

ಏಳು ಕಡಲಿನಾಚೆ ಒಂದು ದೇಶ. ಆ ದೇಶಕ್ಕೊಬ್ಬ ದೊರೆ. ದೊರೆಗೊಬ್ಬ ದಳಪತಿ, ಡಾನ್ ಬಲ್ತಸಾರ್. ದಳಪತಿಗೆ ಒಂದು ಹಡಗು, ಅರುವತ್ತು ಸಿಪಾಯಿಗಳು, ಅವರ ಜೊತೆಗೊಬ್ಬ ಬರೆಯುವವ. ಹೆಸರು ಟೊರಿಬಿಯೊ. ನಾವು ಶಾನುಭೋಗ ಅಂದುಕೊಳ್ಳೋಣ, ಕೆಲಸ ಅದೇ. ಅರುವತ್ತು ಸಿಪಾಯಿಗಳೂ ಒಳ್ಳೆಯ ಮನೆತನದವರು. ಅಂದರೆ ಯಾರೂ ಯಾವತ್ತೂ ಗುದ್ದಲಿ ಮುಟ್ಟಿದವರಲ್ಲ. ಹಡಗಿನಲ್ಲಿ ಕತ್ತಿ ಇತ್ತು, ಗಂಟೆ ಇತ್ತು, ರೇಷ್ಮೆಯ ಬಾವುಟ ಇತ್ತು. ಒಂದು ಹಿಡಿ ಬಿತ್ತನೆಯ ಬೀಜ ಇರಲಿಲ್ಲ.

ಕಳ್ಳರು ಅಂದುಕೊಂಡಿರಾ? ಛೆ. ಕಳ್ಳ ಸುಮ್ಮನೆ ಬರುತ್ತಾನೆ, ಸುಮ್ಮನೆ ಹೋಗುತ್ತಾನೆ. ಇವರು ಕಾನೂನಿನವರು. ಊರಿಗೆ ಬೆಂಕಿ ಇಡುವ ಮೊದಲು ಒಂದು ಕಾಗದ ಓದಿ ಹೇಳುತ್ತಿದ್ದರು.

ಕಾಗದದಲ್ಲಿ ಏನಿತ್ತು? ಕೇಳಿ. "ದೇವರು ಭೂಮಿಯನ್ನು ಸೃಷ್ಟಿಸಿದ. ಭೂಮಿಯನ್ನೆಲ್ಲ ಒಬ್ಬ ದೊಡ್ಡ ಗುರುವಿನ ಕೈಗೆ ಕೊಟ್ಟ. ಗುರು ನಿಮ್ಮ ಊರನ್ನು ನಮ್ಮ ದೊರೆಗೆ ದಾನ ಮಾಡಿದ. ಒಪ್ಪಿಕೊಳ್ಳಿ. ಯೋಚಿಸಿ ಉತ್ತರ ಹೇಳಲು ತಕ್ಕಷ್ಟು ಸಮಯ ಉಂಟು. ಒಪ್ಪದಿದ್ದರೆ ನಿಮ್ಮನ್ನು ಕಟ್ಟಿ ಒಯ್ಯುತ್ತೇವೆ, ಮಾರುತ್ತೇವೆ. ಆಮೇಲೆ ಆಗುವ ನೋವಿಗೆಲ್ಲ ತಪ್ಪು ನಿಮ್ಮದು, ನಮ್ಮದಲ್ಲ."

ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಅನ್ನುತ್ತಾರಲ್ಲ, ಹಾಗೆ. ಇಲ್ಲಿ ಅಳಿಯನೂ ಅಲ್ಲ. ಅತ್ತೆಯ ಮುಖ ಕಂಡವನೂ ಅಲ್ಲ.

ಕಾಗದ ಅವರ ಭಾಷೆಯಲ್ಲಿತ್ತು. ಓದುತ್ತಿದ್ದುದೂ ಅವರ ಭಾಷೆಯಲ್ಲೇ. ಕೇಳುವವರಿಗೆ ಅರ್ಥವಾಗಬೇಕು ಅಂತ ಕಾನೂನಿನಲ್ಲಿ ಬರೆದಿರಲಿಲ್ಲ. ಒಮ್ಮೆ ಒಂದು ದಡದಲ್ಲಿ ನರಪಿಳ್ಳೆಯೂ ಇರಲಿಲ್ಲ. ಟೊರಿಬಿಯೊ ಏಡಿಗಳ ಮುಂದೆ ಓದಿದ. ಏಡಿಗಳು ಓರೆಯಾಗಿ ನಡೆದು ಬಿಲ ಸೇರಿದವು. "ಉತ್ತರಿಸದೆ ಹೊರಟುಹೋದರು" ಅಂತ ಬರೆದುಕೊಂಡ. ಕೋಣನ ಮುಂದೆ ಕಿನ್ನರಿ ಬಾರಿಸಿದವರನ್ನು ಕಂಡಿದ್ದೀರಿ. ಕೋಣನ ರುಜು ಕೇಳಿದವನನ್ನು ಕಂಡಿದ್ದೀರಾ?

ಸರಿ. ಇನ್ನು ಈ ಕಡೆ ಬನ್ನಿ.

ಆ ಹಡಗು ಸುತ್ತುತ್ತಿದ್ದ ಕಡಲಿನಲ್ಲೇ ಒಂದು ದ್ವೀಪ. ದ್ವೀಪದಲ್ಲಿ ಒಂದು ಊರು, ನೂರಿಪ್ಪತ್ತು ಜನ. ಮುಂದೆ ಕಡಲು, ಹಿಂದೆ ನದಿ, ನದಿಯಾಚೆ ಗುಡ್ಡ, ದಟ್ಟ ಕಾಡು. ಊರಿಗೆ ಹಿರಿಯಳು ಕಯಾಬಾ ಅಜ್ಜಿ. ಎಲೆ ಜಗಿಯುವ ಬಾಯಿ, ಬಗ್ಗದ ಬೆನ್ನು, ಬಾಯಿಗೆ ಬಿಡುವಿಲ್ಲ. ಅವಳ ಸೊಸೆಯಂದಿರು ಕಿವಿಗೆ ಹತ್ತಿ ಇಟ್ಟುಕೊಂಡೇ ಸಂಸಾರ ಮಾಡಿದವರು.

ಒಂದು ದಿನ ಪಕ್ಕದ ದ್ವೀಪದಿಂದ ಒಬ್ಬ ಹೆಂಗಸು ಒಡೆದ ದೋಣಿಯಲ್ಲಿ ಬಂದು ದಡಕ್ಕೆ ಬಿದ್ದಳು. ಹೆಸರು ಬಯೋನಾ. ತಲೆಗೂದಲು ಅರ್ಧ ಸುಟ್ಟಿತ್ತು. ನೀರು ಕೊಟ್ಟರು, ರೊಟ್ಟಿ ಕೊಟ್ಟರು. ಆಮೇಲೆ ಕೇಳಿದರು, "ಏನಾಯ್ತು ತಾಯಿ?"

"ಮುಖದ ಮೇಲೆ ಕೂದಲಿರುವವರು ಬಂದರು. ಒಬ್ಬ ಎಲೆಯಂಥದ್ದೇನೋ ಬಿಡಿಸಿಕೊಂಡು ಒದರಿದ. ನಮ್ಮ ಹಿರಿಯ 'ಹೋಗ್ರಯ್ಯಾ' ಅಂದ. ಒಂದೇ ಮಾತು. ಬೆಂಕಿ."

"ಆಮೇಲೆ?"

"ಪಕ್ಕದ ಊರಿಗೆ ಓಡಿದೆ. ಅಲ್ಲೂ ಬಂದರು, ಒದರಿದರು. ಆ ಊರಿನವರು ಹೆದರಿ ಬಾಯಿ ಬಿಡಲಿಲ್ಲ. ಬೆಂಕಿ."

"ಆಮೇಲೆ?"

"ಮೂರನೆಯ ಊರು. ಅಲ್ಲಿಯವರು ನಕ್ಕುಬಿಟ್ಟರು. ಬೆಂಕಿ."

ಕಯಾಬಾ ಅಜ್ಜಿ ಎಲೆಯ ರಸ ಉಗಿದು ಕೇಳಿದಳು, "ನಗುತ್ತಾ ಇರುವಾಗ ಬೆಂಕಿ ಇಟ್ಟರೋ, ನಕ್ಕು ಮುಗಿದ ಮೇಲೋ?"

"ಮುಗಿದ ಮೇಲೆ. ಅವರ ದಣಿ ಮೊದಲೇ ನುಗ್ಗಲು ಹೊರಟಿದ್ದ. ಆ ಬರೆಯುವವ ಕೈ ಅಡ್ಡ ಹಿಡಿದು ನಿಲ್ಲಿಸಿದ."

ಅಜ್ಜಿಯ ತಮ್ಮನ ಮಗ ಗುವಾರೊ. ಊರಿನ ಅಂಬಿಗ, ಗಟ್ಟಿ ಆಳು. ಅವನು ಹೇಳಿದ, "ಅತ್ತೆ, ಗುಡ್ಡಕ್ಕೆ ಓಡೋಣ."

"ದೋಣಿ ಎಷ್ಟಿದೆ?"

"ಒಂದು."

"ಕೂಸು, ಮುದುಕರು, ಎರಡು ಜೀವದ ಹೆಂಗಸರು, ಎಲ್ಲರೂ ಸೇರಿ ನದಿ ದಾಟಲು ಎಷ್ಟು ದಿನ?"

"ಹಗಲೆಲ್ಲ ಹುಟ್ಟು ಹಾಕಿದರೂ ನಲವತ್ತು ಜನ. ಕತ್ತಲಾದರೆ ಮೊಸಳೆ. ಮೂರು ದಿನ ಬೇಕು."

ಹೀಗೆ ಮಾತಾಡುತ್ತಿರುವಾಗಲೇ ಕಡಲಿನಲ್ಲಿ ಬಿಳಿ ಹಾಯಿ ಕಂಡಿತು.

ಕೇಳಿ, ಆ ಊರಿಗೆ ಒಂದು ಪದ್ಧತಿ ಇತ್ತು. ದಡದಲ್ಲಿ ನಿಂತು ಯಾರಾದರೂ ಮಾತಾಡಿದರೆ ಊರಿನ ಹಿರಿಯರು ಅದಕ್ಕೆ ಉತ್ತರ ಹೇಳಬೇಕು. ಯಾರ ಮಗಳು, ಯಾರ ಮೊಮ್ಮಗಳು, ಯಾವ ಹೊಲ, ಯಾವ ಒಲೆ, ಎಲ್ಲ ಹೇಳಿ ಮುಗಿಸಬೇಕು. ಅಲ್ಲಿಯವರೆಗೆ ಬಂದವರು ಕೂತು ಕೇಳಬೇಕು. ಹಳೆಯ ಕಾಲದಲ್ಲಿ ಇದರಿಂದಾಗಿ ನೆಂಟರೇ ಬರುವುದು ಕಡಿಮೆಯಾಗಿತ್ತಂತೆ.

"ನಾನು ಉತ್ತರ ಹೇಳುತ್ತೇನೆ," ಅಂದಳು ಅಜ್ಜಿ. "ಕೊನೆಯ ದೋಣಿ ಆಚೆ ಮುಟ್ಟಿದಾಗ ಗುಡ್ಡದ ಮೇಲೆ ಹೊಗೆ ಹಾಕು."

"ಮೂರು ದಿನ ಮಾತಾಡುತ್ತೀಯಾ ಅತ್ತೆ?"

ಎರಡನೆಯ ಸೊಸೆ ಹತ್ತಿರದಲ್ಲೇ ಗಂಟು ಕಟ್ಟುತ್ತಿದ್ದಳು. "ಅದಕ್ಕೆ ಹೆದರಬೇಡಿ," ಅಂದಳು.

ಹಡಗು ಬಂತು. ಅರುವತ್ತು ಜನ ಇಳಿದರು. ಬಾವುಟ ನೆಟ್ಟರು, ಗಂಟೆ ಬಾರಿಸಿದರು. ದಡದ ಮರಗಳು ಊರನ್ನು ಮರೆಮಾಡಿದ್ದವು. ಮರಗಳ ಮುಂದೆ ಒಂದು ಚಾಪೆ, ಚಾಪೆಯ ಮೇಲೆ ಒಬ್ಬ ಮುದುಕಿ. ಟೊರಿಬಿಯೊ ಕಾಗದ ಬಿಡಿಸಿದ. ಓದಿದ. ಮಡಿಸಿದ. ಲೇಖನಿ ತೆಗೆದು ಕಾದ.

ಅಜ್ಜಿ ಗಂಟಲು ಸರಿಮಾಡಿಕೊಂಡಳು.

ಮೊದಲ ದಿನ ಅಜ್ಜಿ ವಂಶ ಹೇಳಿದಳು. ಗುಹೆಯಿಂದ ಹೊರಬಂದ ಮೊದಲ ಅಜ್ಜಿ, ಅವಳ ಮಗಳು, ಆ ಮಗಳ ಮಗಳು. ಯಾರಿಗೆ ಸೊಟ್ಟ ಮೂಗು, ಯಾರು ಯಾರ ಗಂಡನನ್ನು ಹಾರಿಸಿಕೊಂಡು ಹೋದಳು, ಒಂದೂ ಬಿಡಲಿಲ್ಲ. ಮಧ್ಯಾಹ್ನವಾಯಿತು. ಸಿಪಾಯಿಗಳು ನೆರಳು ಹುಡುಕಿಕೊಂಡು ಮಲಗಿದರು. ಸಂಜೆ ಅಜ್ಜಿ ಮುಳುಗುವ ಸೂರ್ಯನನ್ನು ತೋರಿಸಿದಳು, ಮತ್ತೆ ಮೂಡುವ ದಿಕ್ಕನ್ನು ತೋರಿಸಿದಳು. ಚಾಪೆಯ ಮೇಲೇ ಮಗ್ಗುಲಾದಳು.

ಊರಿನ ಹಿಂದೆ ನಲವತ್ತು ಜನ ನದಿ ದಾಟಿದ್ದರು.

ಎರಡನೆಯ ದಿನ ಅಜ್ಜಿ ನೆಲ ಹೇಳಿದಳು. ಯಾವ ಮರ ಯಾರು ನೆಟ್ಟದ್ದು, ಯಾವ ಬಂಡೆಯ ಹತ್ತಿರ ಯಾವ ಮೀನು, ಯಾವ ಗಾಳಿಗೆ ಯಾವ ಚಾವಣಿ ಹಾರುತ್ತದೆ. ಡಾನ್ ಬಲ್ತಸಾರ್ ಹಲ್ಲು ಕಡಿದ.

"ಶಾನುಭೋಗರೇ, ಆ ಮುದುಕಿಯ ಬಾಯಿ ಮುಚ್ಚಿಸಿ."

"ಆಗುವುದಿಲ್ಲ ದಣಿ. ಉತ್ತರ ನಡೆಯುತ್ತಿದೆ."

"ಉತ್ತರವೋ ಪುರಾಣವೋ? ನಿಮಗೆ ಒಂದಕ್ಷರ ಅರ್ಥವಾಗುತ್ತಿದೆಯೇನು?"

"ಇಲ್ಲ ದಣಿ. ಆದರೆ ತಕ್ಕಷ್ಟು ಸಮಯ ಅಂತ ನಾವೇ ಓದಿದ್ದೇವೆ. ಉತ್ತರ ಮುಗಿಯುವ ಮೊದಲು ಕತ್ತಿ ಎತ್ತಿದರೆ ಈ ದ್ವೀಪ ನಿಮ್ಮದಾಗುವುದಿಲ್ಲ. ನಾಳೆ ನಿಮ್ಮ ದಾಯಾದಿ ಆಸ್ಥಾನದಲ್ಲಿ ತಕರಾರು ಹಾಕುತ್ತಾನೆ. ದ್ವೀಪ ಅವನಿಗೆ ಹೋಗುತ್ತದೆ."

ದಾಯಾದಿ ಅಂದೊಡನೆ ದಳಪತಿ ಕೂತುಬಿಟ್ಟ. ದೇವರಿಗೆ ಹೆದರದವರು ಇದ್ದಾರೆ, ಸಾವಿಗೆ ಹೆದರದವರು ಇದ್ದಾರೆ. ದಾಯಾದಿಗೆ ಹೆದರದವರನ್ನು ತೋರಿಸಿ, ನೋಡೋಣ.

ಇನ್ನೂ ನಲವತ್ತು ಜನ ದಾಟಿದರು.

ಮೂರನೆಯ ದಿನ. ಅಜ್ಜಿಯ ದನಿ ಒಡೆದಿತ್ತು. ವಂಶ ಮುಗಿದಿತ್ತು, ನೆಲ ಮುಗಿದಿತ್ತು. ಗುಡ್ಡದ ಮೇಲೆ ಹೊಗೆ ಇಲ್ಲ. ಅಜ್ಜಿ ಒಂದು ಗಳಿಗೆ ನಿಲ್ಲಿಸಿದಳು.

ದಳಪತಿ ಎದ್ದು ನಿಂತ. "ಮುಗೀತಾ?"

ಟೊರಿಬಿಯೊ ಲೇಖನಿ ಅದ್ದಿದ.

ಅರುವತ್ತು ಕೈಗಳು ಅರುವತ್ತು ಕತ್ತಿಗಳ ಹಿಡಿಗೆ ಹೋದವು. ನದಿಯ ಈಚೆ ದಡದಲ್ಲಿ ಇನ್ನೂ ಮೂವತ್ತು ಜನ, ಅವರಲ್ಲಿ ಹತ್ತು ಕೂಸುಗಳು. ಉಳಿದದ್ದೇನು? ಒಲೆ. ಹೇಳಲು ಬೇರೆ ಏನೂ ಇರಲಿಲ್ಲ. ಅಜ್ಜಿ ಅಡುಗೆ ಶುರುಮಾಡಿದಳು.

"ಗೆಣಸು ಎರಡು ಜಾತಿ," ಅಂದಳು. "ಸಿಹಿ ಮರಗೆಣಸು ಬೇರೆ, ಕಹಿ ಮರಗೆಣಸು ಬೇರೆ. ನಮ್ಮ ಹೊಲದ್ದೆಲ್ಲ ಕಹಿ. ನೋಡಲು ಒಂದೇ. ಕಿತ್ತು ಹಾಗೇ ಸುಟ್ಟು ತಿಂದರೆ ಸತ್ತಿರಿ. ಸಿಪ್ಪೆ ತೆಗೆಯಬೇಕು, ಒರಟು ಕಲ್ಲಿನ ಮೇಲೆ ತುರಿಯಬೇಕು. ತುರಿಯನ್ನು ಉದ್ದನೆಯ ಹೆಣೆದ ಚೀಲಕ್ಕೆ ತುಂಬಿ, ಮರಕ್ಕೆ ಕಟ್ಟಿ, ಹಿಂಡಬೇಕು. ಹಿಂಡಬೇಕು. ಹಿಂಡಬೇಕು. ಆ ರಸ ವಿಷ. ನನ್ನ ಚಿಕ್ಕಮ್ಮನ ನಾಯಿ ನೆಕ್ಕಿ ಸತ್ತಿತು, ಒಳ್ಳೆಯ ನಾಯಿ. ಉಳಿದ ಹಿಟ್ಟನ್ನು ಒಣಗಿಸಿ, ಕಾದ ಹಂಚಿನ ಮೇಲೆ ರೊಟ್ಟಿ ತಟ್ಟಬೇಕು. ಅವಸರ ಮಾಡಬಾರದು. ಅವಸರ ಮಾಡಿದವರು ಯಾರೂ ನಮ್ಮ ವಂಶದಲ್ಲಿ ಉಳಿದಿಲ್ಲ."

ಜಾಣೆ, ಇದನ್ನು ಬೇಕೆಂದೇ ಹೇಳಿದಳು ಅನ್ನುತ್ತೀರಾ? ನಾನು ಅನ್ನುವುದಿಲ್ಲ. ಮಾತು ಮುಗಿದವರು ಅಡುಗೆಯ ವಿಷಯ ಎತ್ತುತ್ತಾರೆ. ನೀವೂ ಎತ್ತುತ್ತೀರಿ.

ಸಂಜೆಯ ಹೊತ್ತಿಗೆ ಗುಡ್ಡದ ಮೇಲೆ ಹೊಗೆ ಎದ್ದಿತು.

"ಅಷ್ಟೇ," ಅಂದಳು ಅಜ್ಜಿ. ಸೋರೆಬುರುಡೆಯಿಂದ ನೀರು ಕುಡಿದಳು.

"ಏನಂತೆ? ಒಪ್ಪಿದಳಾ?" ದಳಪತಿ ಕೇಳಿದ.

"ಅರ್ಥವಾಗಲಿಲ್ಲ ದಣಿ. ಒಪ್ಪಲಿಲ್ಲ ಅಂತ ಬರೆದಿದ್ದೇನೆ."

ಕತ್ತಿ ಹಿರಿದು, ಗಂಟೆ ಬಾರಿಸಿ, ಅಜ್ಜಿಯ ಕಾವಲಿಗೆ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಊರಿಗೆ ನುಗ್ಗಿದರು. ಊರಿನಲ್ಲಿ ಏನಿತ್ತು? ಗುಡಿಸಲು ಇತ್ತು, ಜನ ಇರಲಿಲ್ಲ. ಒಲೆ ಇತ್ತು, ರೊಟ್ಟಿ ಇರಲಿಲ್ಲ. ಹೊಲ ಇತ್ತು. ಹೊಲದ ತುಂಬ ತೊಡೆ ಗಾತ್ರದ ಗೆಣಸು ಇತ್ತು.

ಹಡಗಿನ ಒಣರೊಟ್ಟಿಯಲ್ಲಿ ಹುಳು ಬಿದ್ದು ತಿಂಗಳಾಗಿತ್ತು. ಹಸಿವು ರುಚಿಯರಿಯದು. ಗುದ್ದಲಿ ಮುಟ್ಟದ ಮಹಾಶಯರು ಕತ್ತಿಯಿಂದ ಗೆಣಸು ಅಗೆದರು. ಕೆಲವರು ಬೆಂಕಿಗೆ ತೋರಿಸಿ ತಿಂದರು, ಕೆಲವರು ತೋರಿಸದೆಯೂ ತಿಂದರು. ಸ್ವಲ್ಪ ಕಹಿ ಅಂದರು. ಇನ್ನಷ್ಟು ತಿಂದರು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಎರಡೂ ತಿಳಿಯದವನು ದಳಪತಿಯಾಗುತ್ತಾನೆ.

ಬೆಳಗಾಯಿತು. ಒಂಬತ್ತು ಜನ ಏಳಲೇ ಇಲ್ಲ. ಉಳಿದವರು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳುತ್ತಿದ್ದರು. ಅಜ್ಜಿಯ ಕಾವಲಿಗೆ ಇಟ್ಟಿದ್ದ ಇಬ್ಬರು ಅವಳ ಚಾಪೆಯ ಪಕ್ಕದಲ್ಲೇ ವಾಂತಿ ಮಾಡಿಕೊಳ್ಳುತ್ತಿದ್ದರು. ಗುವಾರೊ ಮರಗಳ ಸಂದಿನಿಂದ ಬಂದು ಅಜ್ಜಿಯ ರಟ್ಟೆ ಹಿಡಿದ.

"ಬಾ ಅತ್ತೆ, ಹೊರಡು."

"ತಡಿಯೋ. ಗೆಣಸು ಹಾಗೇ ತಿಂದಿದ್ದಾರೆ ಕಣೋ, ಪೆದ್ದರು."

"ತಿನ್ನಲಿ! ನಮ್ಮನ್ನು ಕಟ್ಟಿ ಒಯ್ಯಲು ಬಂದವರು."

"ಅದೂ ನಿಜ," ಅಂದಳು. ಆದರೂ ಅಡುಗೆ ಕೆಟ್ಟದ್ದನ್ನು ನೋಡಿಕೊಂಡು ಸುಮ್ಮನಿರುವ ಹೆಂಗಸಲ್ಲ. ದಳಪತಿಯ ಎದುರು ಹೋಗಿ ನಿಂತಳು. ಒಂದು ಗೆಣಸು ತೋರಿಸಿದಳು. ಎರಡೂ ಕೈ ಚಾಚಿ, ಹಲ್ಲು ಕಚ್ಚಿ, ಗಾಳಿಯಲ್ಲಿ ಜೋರಾಗಿ ಹಿಂಡಿ ತೋರಿಸಿದಳು.

ದಳಪತಿ ಅಂಗಾತ ಬಿದ್ದಲ್ಲೇ ಹಿಂದೆ ಹಿಂದೆ ತೆವಳಿದ. "ಅಯ್ಯಯ್ಯೋ! ನನ್ನ ಕತ್ತು ಹಿಸುಕುತ್ತೇನೆ ಅನ್ನುತ್ತಿದ್ದಾಳೆ! ಹಿಡಿಯಿರಿ!"

ಹಿಡಿಯಲು ಯಾರು ಏಳಬೇಕು? ಅಜ್ಜಿ ಮತ್ತೊಮ್ಮೆ ಹಿಂಡಿದಳು. ಇನ್ನೊಮ್ಮೆ ಹಿಂಡಿದಳು. ಅವನು ಕಣ್ಣು ಮುಚ್ಚಿಕೊಂಡ. "ನಿನ್ನ ತಾಯಿ ನಿನ್ನನ್ನು ಹೇಗೆ ಸಾಕಿದಳೋ," ಅಂತ ಅಜ್ಜಿ ಹೊರಟುಹೋದಳು.

ಅಜ್ಜಿ ಗೆದ್ದಳು ಅಂತ ಚಪ್ಪಾಳೆ ತಟ್ಟಬೇಡಿ. ಆಮೇಲೆ ಬೇರೆ ಹಡಗುಗಳು ಬಂದವು. ಕಾಗದ ಓದುವವರು ಬಂದರು, ಓದದವರೂ ಬಂದರು. ಅದು ಏನಾಯಿತು ಅಂತ ನಿಮಗೆ ಗೊತ್ತು. ಆದರೆ ಆ ಸಲ ನೂರಿಪ್ಪತ್ತು ಜನರೂ ಗುಡ್ಡದ ಮೇಲಿದ್ದರು. ಅಲ್ಲೇ ಒಂದು ಹೆರಿಗೆಯೂ ಆಯಿತು. ಎರಡನೆಯ ಸೊಸೆ ಅವತ್ತು ಮೊದಲ ಸಲ ಕಿವಿಯ ಹತ್ತಿ ತೆಗೆದಳಂತೆ. ಹೊತ್ತು ಮುಳುಗುವ ಮೊದಲು ಮತ್ತೆ ಇಟ್ಟುಕೊಂಡಳಂತೆ.

ಈ ಕಡೆ ದಡದಲ್ಲಿ ಕಾಲ ಮೇಲೆ ನಿಂತಿದ್ದವನು ಒಬ್ಬನೇ, ಟೊರಿಬಿಯೊ. ಮೂರು ದಿನದ ಉತ್ತರದ ಶುದ್ಧಪ್ರತಿ ತೆಗೆಯುತ್ತಾ ಕೂತವನಿಗೆ ಊಟದ ನೆನಪಾಗಿರಲಿಲ್ಲ. ದಳಪತಿ ಅವನ ಅಂಗಿಯ ಚುಂಗು ಹಿಡಿದ.

"ಶಾನುಭೋಗರೇ! ಆ ಮುದುಕಿಗೆ ಈ ಗೆಣಸಿನ ಮದ್ದು ಗೊತ್ತಿರಬೇಕು. ಮೂರು ದಿನ ಬಾಯಿ ಬಡಿದುಕೊಂಡಳಲ್ಲ, ಏನಾದರೂ ಹೇಳಿರಬೇಕು. ಬರೆದಿದ್ದೀರಲ್ಲ! ಓದಿ! ಬೇಗ ಓದಿ!"

ಟೊರಿಬಿಯೊ ಹಾಳೆ ಬಿಡಿಸಿದ. ಗಂಟಲು ಸರಿಮಾಡಿಕೊಂಡ. ಸ್ಪಷ್ಟವಾಗಿ ಓದಿದ.

"ಮೊದಲ ದಿನ: ಮುದುಕಿ ಮಾತಾಡಿದಳು. ಎರಡನೆಯ ದಿನ: ಮುದುಕಿ ಮಾತಾಡಿದಳು. ಮೂರನೆಯ ದಿನ: ಮುದುಕಿ ಮಾತಾಡಿದಳು. ಆಕೆಯ ಮಾತಿನಲ್ಲಿ ನಮಗೆ ಸಂಬಂಧಪಟ್ಟ ವಿಷಯ ಯಾವುದೂ ಇರಲಿಲ್ಲ."

ಕಥೆ ಮುಗಿಯಿತು. ಹೂಂ ಅಂದವರಿಗೆ ರೊಟ್ಟಿ, ನಿದ್ದೆ ಮಾಡಿದವರಿಗೆ ಗೋಡೆ. ಇನ್ನು ಏಳಿ, ನನ್ನ ಗಂಟಲೂ ಒಣಗಿದೆ.