ಪೂಜಿ ಆದ ಮ್ಯಾಲ ಒಂದ ಸುತ್ತು

...ಏಳಬ್ಯಾಡ ಅಡಿವೆವ್ವಾ, ಮಲಕೋ. ನಾ ಇಲ್ಲೇ ಸ್ಟೂಲಿನ ಮ್ಯಾಲ ಕುಂಡ್ರತೇನಿ. ಧಣಿ ಬಂದಾನಂತ ದವಾಖಾನ್ಯಾಗೂ ಎದ್ದು ನಿಲ್ಲಬೇಕೇನು? ಆ ಪಟ್ಟಿ ಕಟ್ಟಿದ ಕೈ ಎತ್ತಬ್ಯಾಡ... ಎತ್ತಬ್ಯಾಡ ಅಂದೆನಲ್ಲ.

ನಿನ್ನ ಮಗಳು ಹೇಮಾ ಚಾ ತರಾಕ ಹೋದ್ಲು. ಅಕಿ ಬರೂದ್ರೊಳಗ ಒಂದ ಮಾತು. ನಾಳೆ ಹಾವೇರಿಯಿಂದ ಕಾರ್ಮಿಕ ಇಲಾಖೆ ಸಾಹೇಬ್ರು ಬರ್ತಾರ. ಕೇಳಿದ್ರ ಹೇಳು, ದಸರಾ ಖಂಡೇಪೂಜಿ ಪ್ರಸಾದಕ್ಕಂತ ಹತ್ತಿ ಗಿರಣಿಗೆ ಬಂದಿದ್ನಿ, ಕೆಲಸಕ್ಕಲ್ಲ ಅಂತ.

ಯಾಕ ಹಂಗ ನೋಡ್ತಿ?

ಖರೇ ಹೇಳತೇನಿ ಕೇಳು. ನಮ್ಮ ಗಿರಣಿ ಆಳಿಗೆ ವಿಮಾ ಐತಿ. ಕೆಲಸದಾಗ ಪೆಟ್ಟು ಬಿದ್ರ ಯಾರ ತಪ್ಪು ಅಂತ ಕೇಳಂಗಿಲ್ಲ, ಪರಿಹಾರ ವಿಮಾ ಕಂಪನೀನ ಕೊಡತೈತಿ. ಮಷೀನ ನಡಸೋ ಇನಾಯತನ ಕಾಲು ಮುರದಾಗ ಕೊಡಲಿಲ್ಲೇನು? ಆದ್ರ... ಪಾಲಿಸಿ ಮಾಡಸುವಾಗ ಆಳು ಎಷ್ಟು ಅಂತ ಏಜೆಂಟ ಕೇಳಿದ. ಮಷೀನ ನಡಸೋ ಗಂಡಸರನ್ನಷ್ಟ ಹೇಳಿದ್ನಿ. ಹೆಣ್ಮಕ್ಳು ಹತ್ತಿ ಆರಸಾವ್ರು, ಅವರಿಗೇನಾಗತೈತಿ ಅಂದ್ನಿ. ಕಂತು ಕಡಿಮಿ ಆಗಲಿ ಅಂತ. ನನಗ ನಾಚಿಕಿ ಬರ್ತೈತಿ, ಅಡಿವೆವ್ವಾ.

ವಿಮಾ ಇಲ್ದವ್ರಿಗೆ ಯಾರು ಕೊಡಬೇಕು ಅಂತಿ? ಬಾಯಿಲೆ ಅನ್ನದಿದ್ರೂ ಕಣ್ಣಾಗ ಅನ್ನಾಕತ್ತಿ. ಮಾಲಕ ಕೊಡಬೇಕು. ಕಾನೂನು ಹಂಗ ಐತಿ, ಕೆಲಸದ ಮ್ಯಾಲಿದ್ದಿ ಅಂತಾದ್ರ. ಅದಕ್ಕ ಪ್ರಸಾದಕ್ಕ ಅನ್ನು ಅಂದದ್ದು. ನಿನ್ನ ಕೈ ಬಿಡಂಗಿಲ್ಲ ನಾ... ತಪ್ಪು ತಿಳಕೋಬ್ಯಾಡ, ಮಾತಿಗೆ ಬಂತು. ನೋಡ್ಕೋತೇನಿ ಅಂದ್ನಿ, ಹೇಮಾನ ಮದುವಿ ತನಕ.

ಹೌದು, ನಾನ ಕರದಿದ್ನಿ. ಪೂಜಿ ಐತಿ, ಬಂದು ಮಷೀನಿನ ರೋಲರ ಒರಸಿ ಹೋಗು ಅಂದಿದ್ನಿ. ಆದ್ರ ಪೆಟ್ಟು ಬಿದ್ದದ್ದು ದೈವ. ಹೋಗಿದ್ದ ಕರೆಂಟು ಗಪ್ಪನ ಬಂತು, ಮಷೀನ ತಾನ ತಿರಗಿತು. ಅದಕ್ಕ ಯಾರೇನು ಮಾಡಾಕ ಬರ್ತೈತಿ?

ನೀ ಚೀರಿದ್ದು ಕೇಳಿದ್ರ ಆಗಿಂದಾಗ ಬಂದ್ ಮಾಡ್ತಿದ್ನಿ, ದೇವರಾಣಿ. ಆಗಷ್ಟ ಕಾಯಿ ಒಡದಿತ್ತು. ಊದಬತ್ತಿ ಹೊಗಿ. ಮೈಕಿನ್ಯಾಗ ದೇವಿ ಹಾಡು ಬ್ಯಾರೆ ಮುಂಜಾನಿಂದ ನಿಲ್ಲದ ಅಷ್ಟು ಜೋರು ಹಚ್ಚಿದ್ರು, ನನಗ ಏನಂದ್ರ ಏನೂ ಕೇಳಸಲಿಲ್ಲ...

ಯಾಕ? ಏನಾತು?

ಹಾಡು... ಹಾಡು ಹಚ್ಚಿದ್ರು, ಹೌದು. ಮೈಕು ಗಿರಣಿ ಲೈನಿಗೇ... ಕರೆಂಟು ಹೋಗಿದ್ರ ಹಾಡು ಹೆಂಗ...

ಅಡಿವೆವ್ವಾ, ಏನರ ಅನ್ನು. ಬೈಯಿ ನನ್ನ.

ಕಾಯಿ ಒಡದ ಮ್ಯಾಲ ಮಷೀನ ಒಂದ ಸುತ್ತು ತಿರಗಬೇಕು. ತಿರಗಿದ್ರ ವರ್ಷಪೂರ್ತಿ ಗಿರಣಿ ನಿಲ್ಲಂಗಿಲ್ಲ ಅಂತ ನಮ್ಮಪ್ಪನೂ ತಿರಗಸ್ತಿದ್ದ. ಒಂದ ಸುತ್ತು ಅಷ್ಟ. ನೀ ಹಿಂದ ಕುಂತು ಒರಸಾಕತ್ತಿದ್ದು ನಾ ನೋಡಲಿಲ್ಲ. ನೋಡಬೇಕಿತ್ತು... ನೋಡಲಿಲ್ಲ.

ನೀ ನೋಡಿದ್ದೇನು, ಆವತ್ತು? ಸ್ವಿಚ್ಚಿನ ಮ್ಯಾಲ ನನ್ನ ಕೈ?

ಹಂಗಾದ್ರ ಇಷ್ಟು ದಿನ... ನಾ ಕರೆಂಟು ಕರೆಂಟು ಅಂತ ಊರ ತುಂಬ ಹೇಳಕೋತ ಅಡ್ಡಾಡಿದಾಗ...

ಬಿಡು. ನಾಳೆ ಪ್ರಸಾದಕ್ಕ ಅಂತ ಹೇಳಬ್ಯಾಡ.

ಹೇಮಾ ಬಂದ್ಲು. ನನಗೂ ಚಾ ತಂದಾಳ ನೋಡು.

...ಅಕಿಗೂ ಗೊತ್ತೇನು, ಅಡಿವೆವ್ವಾ?