ಕೆಮ್ಮಿದವನು ಎಲ್ಲಿ ಹೋದ?

ವೇದಿಕೆಯ ಮೇಲಿರುವ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಹೊಂಬಾಳಮ್ಮನವರೇ, ಅವರ ಅಣ್ಣನವರಾದ ದಂಡಿನಶಿವರದ ಕರಿಬಸವಯ್ಯನವರೇ, ತಿಪಟೂರಿನ ಮಂಡಿ ಬಂಧುಗಳೇ, ಹಿಂದೆ ಕೊಬ್ಬರಿ ಚೀಲಗಳ ಮೇಲೆಯೇ ಆಸನ ಮಾಡಿಕೊಂಡಿರುವ ಹಮಾಲಿ ಮಿತ್ರರೇ — ಎಲ್ಲರಿಗೂ ನಮಸ್ಕಾರ.

ನಾನು ಮಾತಾಡಲು ಎದ್ದ ಕೂಡಲೇ ನನ್ನ ಕೈಗೊಂದು ಚೀಟಿ ಬಂತು. ನೋಡಿ — ಇದೇ. ಓದುತ್ತೇನೆ. “ರಂಗಪ್ಪನವರೇ, ಐದು ನಿಮಿಷ. ಸಿ.ಡಿ. ವಿಷಯ ಬೇಡ.” ಸಹಿ ಇಲ್ಲ. ಇರಬೇಕಾಗಿಯೂ ಇಲ್ಲ. ಇಪ್ಪತ್ತೆರಡು ವರ್ಷ ಮಂಡಿಯಲ್ಲಿ ಗುಮಾಸ್ತನಾಗಿದ್ದವನಿಗೆ ಯಜಮಾನರ ಅಕ್ಷರ ಗೊತ್ತಾಗದಿದ್ದರೆ ಹೇಗೆ? ಈ ಚೀಟಿಯನ್ನು ಅತ್ಯಂತ ಗೌರವದಿಂದ ಮಡಚಿ — ಹೀಗೆ — ಜೇಬಿಗೆ ಹಾಕಿಕೊಳ್ಳುತ್ತಿದ್ದೇನೆ. ಐದು ನಿಮಿಷಕ್ಕೆ ಮುಗಿಸುವುದಿಲ್ಲ. ಸಿ.ಡಿ. ವಿಷಯ ಬಿಡುವುದಿಲ್ಲ.

ಹನ್ನೊಂದು ದಿನದ ಹಿಂದೆ ಶಿವೈಕ್ಯರಾದ ನಮ್ಮ ರೇವಣಸಿದ್ದಯ್ಯನವರ ಬಗ್ಗೆ ಸಿ.ಡಿ. ಬಿಟ್ಟು ಮಾತಾಡು ಎಂದರೆ, ತಿಪಟೂರಿನ ಬಗ್ಗೆ ತೆಂಗು ಬಿಟ್ಟು ಮಾತಾಡು ಎಂದ ಹಾಗೆ. ಮಾತಾಡಬಹುದು. ಬಸ್ ಸ್ಟ್ಯಾಂಡಿನ ಬಗ್ಗೆ ಮಾತಾಡಬಹುದು.

ಅವರ ಕೆಲಸ ಏನೆಂದು ಇಲ್ಲಿ ಎಲ್ಲರಿಗೂ ಗೊತ್ತು. ಆದರೂ ಹೇಳುತ್ತೇನೆ, ಹೇಳುವುದೇ ಒಂದು ಸುಖ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತ ಕಾಯಿ, ಒಳಗೊಳಗೇ ನೀರು ಇಂಗಿ, ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಬೇಕು — ಹೀಗೆ. ಗುಳಕ್ ಎಂದರೆ ಇನ್ನೂ ನೀರಿದೆ. ಗಡಗಡ ಎಂದರೆ ಚಿಪ್ಪು ಬಿಟ್ಟಿದೆ, ಒಡೆಸಬಹುದು. ಮಂಡಿಯವರು ಸಿದ್ದಯ್ಯನವರನ್ನು ಊರೂರಿನ ಅಟ್ಟ ಹತ್ತಿಸಿ ಕಾಯಿ ಕೇಳಿಸುತ್ತಿದ್ದರು. ನಾನು ಕೆಳಗೆ ನಿಂತು ಬರೆದುಕೊಳ್ಳುತ್ತಿದ್ದೆ. ಅವರು ಮೇಲಿನಿಂದ “ಇನ್ನೊಂದು ತಿಂಗ್ಳು ಬೇಕು ಕಣ್ರೀ” ಎಂದರೆ, ರೈತ ಎರಡನೇ ಮಾತು ಆಡುತ್ತಿರಲಿಲ್ಲ. ಅಂಥ ಕಿವಿ.

ಆ ಕಿವಿ ತೊಂಬತ್ತಾರನೇ ಇಸವಿಯಲ್ಲಿ ಬೆಂಗಳೂರಿಗೆ ಹೋಯಿತು. ಮಂಡಿ ಕೆಲಸದ ಮೇಲೆ ಇಬ್ಬರೂ ಹೋಗಿದ್ದೆವು. ವ್ಯಾಪಾರಿಯ ಆಫೀಸು ತೆರೆದಿರಲಿಲ್ಲ. ಕೆಳಗಡೆ ಒಂದು ಹಾಡಿನ ಅಂಗಡಿ. ಅಲ್ಲಿ ಯಾವುದೋ ಊದುವ ವಾದ್ಯ ನುಡಿಯುತ್ತಿತ್ತು. ಸಿದ್ದಯ್ಯನವರು ಫುಟ್‌ಪಾತಿನಲ್ಲಿ ನಿಂತೇಬಿಟ್ಟರು. ಒಳಗೆ ಹೋಗಿ ಕೇಳಿದರು: “ಸ್ವಾಮಿ, ಇದು ಯಾವ ಊರಿನ ಓಲಗ?”

ಅಂಗಡಿಯವನು ನಗಲಿಲ್ಲ, ಪುಣ್ಯಾತ್ಮ. “ಇದು ಜಾಸ್ ಸಾರ್, ಅಮೆರಿಕದ್ದು” ಎಂದ.

“ಯಾವ ದೇಶದ್ದಾರಾ ಆಗ್ಲಿ, ಓಲಗನೇ. ಕೇಳು ರಂಗಪ್ಪ — ಧಾಟಿ ಹಿಡಿದ್ರು. ಈಗೊಬ್ಬ ಧಾಟಿ ಬಿಟ್ಟು ಎದ್ದು ಹೊಂಟ. ಊರೆಲ್ಲ ಸುತ್ತವ್ನೆ. ತಪ್ಪಿಸ್ಕೊಂಡ ಅಂತೀಯಾ? ತಡಿ... ಬಂದ ನೋಡು ಮನೆಗೆ!”

ಅವತ್ತೇ ಒಂದು ಸಿ.ಡಿ. ಕೊಂಡರು. ಹಾಕಿ ಕೇಳಲು ಮನೆಯಲ್ಲಿ ಯಂತ್ರವೇ ಇರಲಿಲ್ಲ ಎಂಬುದು ಬೇರೆ ಮಾತು. ಅಂಗಡಿಯವನು ಅದೇ ಹೊದಿಕೆಯ ಮೂರು ಡಬ್ಬಿ ಮುಂದಿಟ್ಟ. ನಮ್ಮವರು ಏನು ಮಾಡಿದರು? ಒಂದೊಂದನ್ನೇ ಎತ್ತಿ, ಕಿವಿಯ ಪಕ್ಕ ಹಿಡಿದು — ಅಲ್ಲಾಡಿಸಿದರು! ಎರಡು ಸುಮ್ಮನಿದ್ದವು. ಮೂರನೆಯದು ಗಡಗಡ ಎಂದಿತು. “ಇದು ಚೆನ್ನಾಗಿ ಒಣಗೈತೆ, ಇದ್ನೇ ಕೊಡಪ್ಪ!”

ನಗಿ, ನಗಿ. ಶ್ರದ್ಧಾಂಜಲಿ ಸಭೆಯಲ್ಲಿ ನಗಬಾರದು ಎಂದು ಚೀಟಿಯಲ್ಲಿ ಬರೆದಿಲ್ಲ.

ಆ ಡಬ್ಬಿಯ ಒಳಗೆ ಸಿ.ಡಿ. ಹಿಡಿದುಕೊಳ್ಳುವ ಹಲ್ಲು ಮುರಿದಿತ್ತು. ಅದಕ್ಕೇ ಗಡಗಡ. ಮುಂದಿನ ವರ್ಷ ಯಂತ್ರ ಬಂದು ಹಾಕಿದಾಗ, ಮೊದಲೆರಡು ವಾದನ ಸರಿಯಾಗಿ ಬಂತು, ಮೂರನೆಯದರ ನಡುವೆ ಗೀರು ಬಿದ್ದ ಕಡೆ ಸಿಕ್ಕಿಕೊಂಡಿತು. ಊರು ಸುತ್ತಲು ಹೋದವನು ಅಲ್ಲೇ ನಿಂತು ಒಂದೇ ಮಾತು ಹೇಳುತ್ತಿದ್ದಾನೆ, ಮನೆಗೆ ಬರುತ್ತಲೇ ಇಲ್ಲ! ಸಿದ್ದಯ್ಯನವರಿಗೆ ಊಟ ಸೇರಲಿಲ್ಲ. ಅವನು ಮನೆ ಸೇರಿದನೋ ಇಲ್ಲವೋ ನೋಡಬೇಕಲ್ಲ — ಬೆಂಗಳೂರಿಗೆ ಹೋದವರೊಬ್ಬರ ಕೈಲಿ ಅದೇ ಸಿ.ಡಿ.ಯ ಇನ್ನೊಂದು ಪ್ರತಿ ತರಿಸಿದರು.

ಎಲ್ಲವೂ ಶುರುವಾದದ್ದು ಇಲ್ಲಿಂದ. ಎರಡನೆಯ ಪ್ರತಿಯಲ್ಲಿ ಅವನು ಮನೆ ಸೇರಿದ. ಆದರೆ ಇನ್ನೊಬ್ಬ ಕಾಣೆಯಾಗಿದ್ದ.

ಮೊದಲನೆಯದರಲ್ಲಿ, ವಾದ್ಯ ಶುರುವಾಗುವ ಮುಂಚೆ, ಒಂದು ಕುರ್ಚಿ ಕಿರ್ ಎನ್ನುತ್ತದೆ. ಯಾರೋ ಒಬ್ಬ ಕೆಮ್ಮುತ್ತಾನೆ. ಆಮೇಲೆ ಓಲಗ. ಎರಡನೆಯದರಲ್ಲಿ ಕಂಪನಿಯವರು ಅದೇ ಹಳೆಯ ಧ್ವನಿಮುದ್ರಣವನ್ನು ಹೊಸದಾಗಿ ತೊಳೆದು, ಉಜ್ಜಿ, ಶುಚಿ ಮಾಡಿ ಬಿಟ್ಟಿದ್ದರು. ಕುರ್ಚಿ ಇಲ್ಲ. ಕೆಮ್ಮು ಇಲ್ಲ.

ಮಾರನೆಯ ದಿನ ಮಂಡಿಗೆ ಬಂದವರೇ ಕೇಳಿದರು: “ರಂಗಪ್ಪ, ಕೆಮ್ದೋನು ಎಲ್ಲೋದ?”

“ಹೋಗ್ಲಿ ಬುಡ್ರಿ ಸಿದ್ದಯ್ಯನೋರೆ, ಕೆಮ್ಮು ವಾಸಿಯಾಗೈತೆ” ಎಂದೆ ನಾನು. ನನಗೆ ತಮಾಷೆ.

ಅವರಿಗೆ ಅಲ್ಲ. “ಅವತ್ತು ಆ ಕೋಣೇಲಿ ಅವ್ನು ಇದ್ದ ಕಣಪ್ಪ. ಕೂತು ಕೇಳ್ದ. ಗಂಟ್ಲು ಕೆರೀತು, ಕೆಮ್ದ. ಈಗ ಯಾರೋ ಬಂದು, ನೀನು ಅಲ್ಲಿ ಇರ್ಲೇ ಇಲ್ಲ ಅಂದ್ರೆ ಹೆಂಗೆ?”

ಆ ಕಂಪನಿಗೆ ಕಾಗದ ಬರೆಸಿದರು. ಕನ್ನಡದ ಕರಡು ನನ್ನದೇ. ಇಂಗ್ಲಿಷು ಕಾಲೇಜಿನ ಮೇಷ್ಟ್ರದು. “ಮಾನ್ಯರೇ, ತಮ್ಮ ಹೊಸ ಪ್ರತಿಯಲ್ಲಿ ಮೊದಲನೇ ವಾದನಕ್ಕೆ ಮುಂಚೆ ಕೆಮ್ಮುತ್ತಿದ್ದ ವ್ಯಕ್ತಿಯೊಬ್ಬರು ಕಾಣೆಯಾಗಿರುತ್ತಾರೆ. ಸದರಿಯವರು ಹಳೆಯ ಪ್ರತಿಯಲ್ಲಿ ಯಾವುದೇ ತೊಂದರೆ ಇಲ್ಲದೆ ಕೆಮ್ಮುತ್ತಿದ್ದರು. ಅವರನ್ನು ಕೂಡಲೇ ಸ್ವಸ್ಥಾನಕ್ಕೆ ಮರಳಿಸಬೇಕಾಗಿ ವಿನಂತಿ.” ಉತ್ತರ ಬರಲಿಲ್ಲ. ಹತ್ತು ವರ್ಷ ಪೋಸ್ಟ್‌ಮ್ಯಾನ್ ಬಂದಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದರು.

ಹಾಗಾದರೆ ಹೊಸದನ್ನು ಎಸೆದರೋ? ಇಲ್ಲ! ಅದನ್ನೇ ಈ ಊರು ಅರ್ಥ ಮಾಡಿಕೊಳ್ಳಲಿಲ್ಲ. ಹೊಸದರಲ್ಲಿ ಹಿಂದೆ ನಿಂತು ನುಡಿಸುವವನ ದಪ್ಪ ತಂತಿ ಸ್ಪಷ್ಟವಾಗಿ ಕೇಳುತ್ತದೆ. ಹಳೆಯದರಲ್ಲಿ ಅದು ಮಂಕು. ಒಂದರಲ್ಲಿ ಜನ, ಇನ್ನೊಂದರಲ್ಲಿ ತಂತಿ. ಎರಡೂ ಬೇಕು. ಅಂದಿನಿಂದ ಅವರು ಯಾವ ಹಳೆಯ ಜಾಸ್ ತಂದರೂ ಜೊತೆಯಾಗಿಯೇ ತಂದರು — ಮೊದಲು ಬಂದದ್ದೊಂದು, ತೊಳೆದು ಬಿಟ್ಟದ್ದೊಂದು. ಪಕ್ಕಪಕ್ಕ ಇಟ್ಟು ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ತೀರ್ಪು ಬರೆದರು. ನನ್ನ ಬಳಿ ಇದೆ, ಎರಡು ಸಾಲು ಓದುತ್ತೇನೆ. “ಹಳೆಯದು: ಇನ್ನೂ ನೀರಿದೆ, ಆದರೆ ರುಚಿ ಇದೆ. ಹೊಸದು: ಅತಿಯಾಗಿ ಒಣಗಿಸಿದ್ದಾರೆ.” ಇನ್ನೊಂದು: “ಬೂಷ್ಟು ಒರೆಸಲು ಹೋಗಿ ಕೊಬ್ಬರಿಯನ್ನೇ ಕೆರೆದಿದ್ದಾರೆ. ಯಾರಪ್ಪಾ ಇವರಿಗೆ ಕೆಲಸ ಕೊಟ್ಟವರು?”

ಒಬ್ಬರೇ ತೀರ್ಪು ಕೊಡುತ್ತಿರಲಿಲ್ಲ. ಇನ್ನೊಂದು ಕಿವಿ ಅಡುಗೆಮನೆಯಲ್ಲಿತ್ತು. ಸಿದ್ದಯ್ಯನವರು ಯಾವುದು ಹಳೆಯದು ಯಾವುದು ಹೊಸದು ಎಂದು ಹೇಳದೆ ಒಂದಾದ ಮೇಲೆ ಒಂದು ಹಾಕುವರು. ಹೊಂಬಾಳಮ್ಮನವರು ಮುದ್ದೆ ತೊಳಸುತ್ತಲೇ ಅಲ್ಲಿಂದ ಕೂಗುವರು. ನಾನೇ ಕೇಳಿದ್ದೇನೆ ಒಂದು ಭಾನುವಾರ: “ಮೊದಲ್ನೇದ್ರಲ್ಲಿ ಜನ ಅವ್ರೆ ಕಣ್ರೀ. ಎರಡ್ನೇದ್ರಲ್ಲಿ ಬರೀ ವಾದ್ಯ ಅವೆ.” ಸಿದ್ದಯ್ಯನವರು ನನ್ನ ಕಡೆ ತಿರುಗಿ, “ನೋಡ್ದಾ? ನಂಗೆ ಮೂರು ದಿನ ಹಿಡೀತು ಇದು ಗೊತ್ತಾಗಕ್ಕೆ” ಎಂದರು. ಹೆಂಡತಿಯನ್ನು ಹೊಗಳಿದ ಗಂಡಸನ್ನು ನಮ್ಮ ಸೀಮೆಯಲ್ಲಿ ನಾನು ನೋಡಿದ್ದು ಅವತ್ತೊಂದೇ ಸಲ.

ಊರು ಸುಮ್ಮನಿರಲಿಲ್ಲ. ಕಿಬ್ಬನಹಳ್ಳಿ ಕ್ರಾಸಿನ ಟೀ ಅಂಗಡಿಯಲ್ಲಿ ಒಬ್ಬ ಕೇಳಿದ: “ಏನ್ ಸಿದ್ದಯ್ಯನೋರೆ, ಒಂದೇ ಹೆಂಡ್ತಿ ಫೋಟೋಗೆ ಎರಡು ಸಲ ಕಟ್ಟು ಹಾಕಿಸ್ತೀರಂತೆ?”

“ಎರಡು ಸ್ಟುಡಿಯೋದಲ್ಲಿ ತೆಗ್ಸಿದ್ರೆ ಹಾಕಿಸ್ತೀನಿ ಕಣ್ಲಾ. ಒಂದ್ರಲ್ಲಿ ಅವ್ಳೇ ನಗ್ತಿರ್ತಾಳೆ. ಇನ್ನೊಂದ್ರಲ್ಲಿ ಫೋಟೋದೋನು ನಗಿ ಅಂದಿರ್ತಾನೆ.”

ಹಾಗೆ ಕೇಳಿದವನು ಯಾರು ಎಂದು ಯೋಚಿಸಬೇಡಿ. ನಾನೇ.

ಈಗ ಕರಿಬಸವಯ್ಯನವರ ಕಡೆ ಬರುತ್ತೇನೆ. ತಾವು ಹಿರಿಯರು, ಕೈ ಮುಗಿದೇ ಮಾತಾಡುತ್ತೇನೆ. ನಾಲ್ಕು ವರ್ಷದ ಹಿಂದೆ ತಾವು ತಂಗಿಯ ಮನೆಗೆ ಬಂದಿರಿ. ಹೋಗುವಾಗ ಹನ್ನೆರಡು ಸಿ.ಡಿ. ಕೈಚೀಲದಲ್ಲಿ ಹೋದವು. ಸಿದ್ದಯ್ಯನವರು ಬಸ್ಸು ಹತ್ತಿ ದಂಡಿನಶಿವರಕ್ಕೆ ಬಂದರು, ಜೊತೆಗೆ ನಾನು. ನೋಡಿದರೆ ರಾಗಿ ಹೊಲದ ತುಂಬ ಕಡ್ಡಿ ನೆಟ್ಟಿದೆ, ಕಡ್ಡಿಗೆ ದಾರ, ದಾರದಲ್ಲಿ ಜಾಸ್ ನೇತಾಡುತ್ತಿದೆ. ಗುಬ್ಬಿ ಓಡಿಸಲು!

“ಒಂದೇ ಥರದ್ದು ಎರಡೆರಡು ಇದ್ವಲ್ಲ ಭಾವ, ಒಂದೊಂದೇ ತಂದಿದ್ದು ಕಣ್ರೀ. ಇನ್ನೊಂದು ಮನೇಲೇ ಐತಲ್ಲ” ಎಂದಿರಿ ತಾವು.

“ನಿಂಗೂ ಎರಡು ಕಿವಿ ಅವಲ್ಲ ಕರಿಬಸಣ್ಣ. ಒಂದು ಕೊಡು, ಇನ್ನೊಂದು ಅಲ್ಲೇ ಇರ್ತದೆ” ಎಂದರು ಅವರು. ಹನ್ನೆರಡನ್ನೂ ಬಿಚ್ಚಿದರು, ಪಂಚೆಯ ತುದಿಯಲ್ಲಿ ಒರೆಸಿದರು, ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತರು. ಇನ್ನು ಗುಬ್ಬಿಗಳು — ನಾನು ಕಣ್ಣಾರೆ ಕಂಡದ್ದು — ಒಂದೂ ಓಡಿರಲಿಲ್ಲ. ದಾರದ ಮೇಲೆ ಸಾಲಾಗಿ ಕೂತಿದ್ದವು. ಗುಬ್ಬಿಗೆ ಇರುವ ಗೌರವವಾದರೂ ನಮಗೆ ಬೇಡವೇ?

ಯಾಕೆ ಇಷ್ಟೆಲ್ಲ ಹೇಳುತ್ತಿದ್ದೇನೆ? ಮೊನ್ನೆ ಮನೆಯಲ್ಲಿ ಹಿರಿಯರು ಕೂತು ಒಂದು ತೀರ್ಮಾನ ಮಾಡಿದ್ದಾರೆ. ಅಟ್ಟದ ಮೇಲೆ ನೂರ ಅರವತ್ಮೂರು ಜೊತೆ ಇವೆ. ನೆನಪಿಗೆ ಒಂದೊಂದು ಇರಲಿ, ಮಿಕ್ಕದ್ದು ಹೊಲಕ್ಕೆ ಹೋಗಲಿ. ಯಜಮಾನರೂ ತಲೆಯಾಡಿಸಿದ್ದಾರೆ. ಇವತ್ತು ಪ್ರಸಾದ ಆದ ಮೇಲೆ ತುಂಬಿಕೊಂಡು ಹೋಗಲು ಎರಡು ಖಾಲಿ ಗೋಣಿಚೀಲ ಆಗಲೇ ಬಂದು ಬಾಗಿಲ ಹತ್ತಿರ ಕೂತಿವೆ. ಅಲ್ಲಿ, ಚಪ್ಪಲಿ ಪಕ್ಕ. ನೋಡಿ, ನೋಡಿ.

ಕೆಟ್ಟ ಮನಸ್ಸಿನ ತೀರ್ಮಾನ ಅಲ್ಲ, ಒಪ್ಪುತ್ತೇನೆ. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಜೊತೆ ಒಡೆದ ಮೇಲೆ ಅಲ್ಲಿ ಸಿದ್ದಯ್ಯನವರು ಎಲ್ಲಿದ್ದಾರೆ? ಅವರು ಇದ್ದದ್ದು ಹಳೆಯದರಲ್ಲಿ ಅಲ್ಲ, ಹೊಸದರಲ್ಲಿ ಅಲ್ಲ — ಒಂದನ್ನು ತೆಗೆದು ಇನ್ನೊಂದನ್ನು ಹಾಕುತ್ತಿದ್ದರಲ್ಲ, ಆ ನಡುವೆ. ಕಂಪನಿಯವರು ಒಬ್ಬ ಕೆಮ್ಮುವವನನ್ನು ಅಳಿಸಿದರು, ಅವರಿಗೆ ಅವನ ಪರಿಚಯ ಇರಲಿಲ್ಲ. ನಾವು ಪರಿಚಯ ಇದ್ದೂ ಅಳಿಸಲು ಹೊರಟಿದ್ದೇವೆ.

ಇದು ನನ್ನ ಅಧಿಕಪ್ರಸಂಗ ಎಂದು ಯಜಮಾನರ ಮುಖ ಹೇಳುತ್ತಿದೆ. ಇರಬಹುದು. ಆದರೆ ಬೆಳಿಗ್ಗೆ ಹೊಂಬಾಳಮ್ಮನವರು ನನ್ನನ್ನು ಕರೆದು ಒಂದು ಮಾತು ಹೇಳಿದ್ದಾರೆ, ಸಭೆಯಲ್ಲೇ ಹೇಳಿ ಎಂದಿದ್ದಾರೆ. ಹೇಳುತ್ತೇನಮ್ಮ. “ಅಣ್ಣಯ್ಯಂಗೆ ಹೇಳಿ ರಂಗಪ್ಪನೋರೆ. ನೂರ ಅರವತ್ಮೂರು ಜೊತೇಲಿ ನಾನು ತೊಂಬತ್ತಕ್ಕೆ ತೀರ್ಪು ಹೇಳಿವ್ನಿ. ಇನ್ನೂ ಎಪ್ಪತ್ಮೂರು ಬಾಕಿ ಅವೆ. ನಾನಿನ್ನೂ ಕೇಳಿ ಮುಗ್ಸಿಲ್ಲ.”

ಅಷ್ಟೇ. ಅವರು ಇನ್ನೂ ಕೇಳಿ ಮುಗಿಸಿಲ್ಲ. ಮುಂದಿನ ಭಾನುವಾರದಿಂದ ಸಿ.ಡಿ. ಬದಲಾಯಿಸುವ ಕೆಲಸ ನನ್ನದು. ಯಾವುದು ಹಳೆಯದು ಯಾವುದು ಹೊಸದು ಎಂದು ನಾನು ಬಾಯಿ ಬಿಡುವುದಿಲ್ಲ. ಕರಿಬಸವಯ್ಯನವರೇ, ಚೀಲ ಖಾಲಿಯಾಗಿಯೇ ಮಡಚಿಕೊಂಡು ಹೋಗಿ. ಗುಬ್ಬಿ ಓಡಿಸಲು ನಾನೇ ಬಂದು ಹೊಲದಲ್ಲಿ ನಿಲ್ಲುತ್ತೇನೆ. ನನ್ನ ಮುಖ ನೋಡಿದರೆ ಅವು ಓಡುತ್ತವೆ.

ಇನ್ನೊಂದೇ ಮಾತು. ಇದನ್ನು ತಮಾಷೆಯಾಗಿ ಹೇಳಲು ಪ್ರಯತ್ನ ಮಾಡಿದೆ, ಬರಲಿಲ್ಲ.

ಹನ್ನೊಂದು ದಿನದ ಹಿಂದೆ, ಅವತ್ತು ಚಿಕ್ಕನಾಯಕನಹಳ್ಳಿ ಕಡೆ ಒಂದು ತೋಟದ ಮನೆಗೆ ಹೋಗಿದ್ದೆವು. ಅಟ್ಟ ಇಳಿದು ಬಂದು ಸಿದ್ದಯ್ಯನವರು ಜಗಲಿಯಲ್ಲಿ ಕೂತರು. ಕೊನೆಯದೊಂದು ಕಾಯಿ ಕೈಯಲ್ಲಿತ್ತು. ಕಿವಿಯ ಪಕ್ಕ ಹಿಡಿದು ಒಂದು ಸಲ ಅಲ್ಲಾಡಿಸಿದರು. ಕಣ್ಣು ಮುಚ್ಚಿದರು. ಗೋಡೆಗೆ ಒರಗಿದರು. ಕೇಳುತ್ತಿದ್ದಾರೆ ಎಂದುಕೊಂಡೆ. ಪೆನ್ನು ಹಿಡಿದು ಕಾದೆ. “ಎಷ್ಟೊತ್ತು ಕೇಳ್ತೀರಿ ಸಿದ್ದಯ್ಯನೋರೆ, ಅದೇನು ಜಾಸ್ ನುಡಿಸ್ತದಾ?” ಎಂದು ರೇಗಿಸಿದೆ. ಅರ್ಧ ನಿಮಿಷ ರೇಗಿಸಿದೆ. ಆ ಕಾಯಿ ಗಡಗಡ ಅಂದಿತೋ ಗುಳಕ್ ಅಂದಿತೋ — ಅವರೊಬ್ಬರಿಗೇ ಗೊತ್ತು. ನಾನು ಮಾತಾಡುತ್ತಿದ್ದೆ. ಕೇಳಿಸಿಕೊಳ್ಳಲಿಲ್ಲ.

ಈಗ ಕೇಳೋಣ.

ಸಭೆಯಲ್ಲಿ ಆ ಮೊದಲನೇ ಸಿ.ಡಿ. ಹಾಕಕೂಡದು ಎಂದು ಮೈಕಿನ ಬೀರೇಶನಿಗೆ ಅಪ್ಪಣೆಯಾಗಿದೆ. ಆಗಲಿ. ವಾದ್ಯ ಬೇಡ. ವಾದ್ಯ ಶುರುವಾಗುವ ಮುಂಚಿನದು ಇದೆಯಲ್ಲ, ಅದು ಸಾಕು. ಅದಕ್ಕೆ ಯಂತ್ರ ಬೇಕಿಲ್ಲ, ನಾವೇ ಇದ್ದೇವೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಮೌನ. ಆದರೆ ತೊಳೆದು ಉಜ್ಜಿದ ಮೌನ ಬೇಡ. ಕುರ್ಚಿ ಕಿರ್ ಎಂದರೆ ಎನ್ನಲಿ, ಹಿಡಿದುಕೊಳ್ಳಬೇಡಿ. ಗಂಟಲು ಕೆರೆದವರು ಧಾರಾಳವಾಗಿ ಕೆಮ್ಮಿ. ಇಲ್ಲಿ ಜನ ಇದ್ದರು ಎಂದು ಸಿದ್ದಯ್ಯನವರಿಗೆ ಕೇಳಿಸಲಿ.

ಏಳಿ ಕರಿಬಸವಯ್ಯನವರೇ. ಮೊದಲ ಕೆಮ್ಮು ತಮ್ಮದೇ ಆಗಲಿ.