ಠಾಣೆಯ ಓಟದಲ್ಲಿ ಮಗಳು ಮುಂದೆ

ಭಾನುವಾರ ಬೆಳಿಗ್ಗೆ ಠಾಣೆ ಸ್ಟೇಷನ್ನಿನಲ್ಲಿ ಮಾಟುಂಗಕ್ಕೆ ಹೋಗುವ ಸ್ಲೋ ಲೋಕಲ್ಲಿಗೆ ಕಾಯುತ್ತಿದ್ದ ಅಮ್ಮಣ್ಣಿಯವರ ಪಕ್ಕದಲ್ಲೇ ತಾಯಿ ಮಗಳು ಬಂದು ಕೂತರು. ಇಬ್ಬರ ಕೊರಳಲ್ಲೂ ಓಟದ ಪದಕ, ಮೈಮೇಲೆ ಬೆವರಿಗೆ ತೊಯ್ದ ಟೀ ಶರ್ಟು. ಕನ್ನಡ ಕಿವಿಗೆ ಬಿದ್ದದ್ದೇ ಅಮ್ಮಣ್ಣಿ ಮೊಬೈಲನ್ನು ಮಡಿಲಿಗಿಟ್ಟರು.

"ಮಮ್ಮಿ, ಸಚ್ ಹೇಳು. ನೀ ಬೇಕಂತ ಹಿಂದ ಉಳದಿ, ಹೈ ನಾ?"

"ಯಾಕ ಉಳೀಲಿ?"

"ವಸೈ ಓಟದಾಗ ನನ್ ಸಲುವಾಗಿ ನಿಂತಿದ್ದಿ. ಪನವೇಲದಾಗೂ."

"ಅವಾಗ ನಿನಗ ಉಸುರು ಹತ್ತಿತ್ತು, ಅದಕ್ಕ ನಿಂತೆ. ಇವತ್ತ ಫ್ಲೈಓವರ್ ಮ್ಯಾಲ ನೀ ನನ್ನ ದಾಟಿ ಹೋದಿ ನೋಡು, ಜೀವ ಒತ್ತಿ ಹಿಡದು ಬೆನ್ನ ಹತ್ತೀನಿ. ನೀ ಸಿಗಲೇ ಇಲ್ಲ."

"ಪಕ್ಕಾ?"

"ನಿನ್ನ ಆಣಿ."

ಮಗಳು ಕೊರಳಿನ ಪದಕವನ್ನು ತಿರುಗಿಸಿ ನೋಡಿದಳು.

"ಸೋತಿದ್ದಕ್ಕ ಬುರಾ ಅನಸ್ತೇನು?"

"ಹುಚ್ಚಿ. ಬಾಜೂಕ ಓಡೋ ಮಂದಿಗೆಲ್ಲಾ ಕೈ ಮಾಡಿ ತೋರಿಸೀನಿ, 'ವೋ ಆಗೇವಾಲೀ ಮೇರೀ ಬೇಟೀ ಹೈ', ಆ ಮುಂದಿನಾಕಿ ನನ್ನ ಮಗಳು ಅಂತ."

ಮಗಳ ಮುಖ ಅರಳಿದ್ದನ್ನು ಕಂಡು ಅಮ್ಮಣ್ಣಿಯವರ ಕಣ್ಣು ತುಂಬಿತು. ಅಷ್ಟರಲ್ಲಿ ಫಾಸ್ಟ್ ಲೋಕಲ್ ಬಂತು. ಓಡಿ ಬಿಗಿದಿದ್ದ ಮೊಣಕಾಲನ್ನು ನೀವಿಕೊಂಡು ತಾಯಿ ಎದ್ದಳು.

"ಮುಂದಿನ ಓಟದಾಗ ನಾ ಬಿಡಂಗಿಲ್ಲ ಮತ್ತ," ಎನ್ನುತ್ತ ಮಗಳ ಹೆಗಲು ಹಿಡಿದು ಲೇಡೀಸ್ ಡಬ್ಬಿ ಹತ್ತಿದಳು.